ಸಿಸ್ಟಮ್ ತಗೊಳ್ತಿಲ್ಲ

"ಸಿಸ್ಟಮ್ ತಗೊಳ್ತಿಲ್ಲ." ಈ ಮಾತನ್ನು ಒಮ್ಮೆಯೂ ಕೇಳದವರು ಈ ಸಭೆಯಲ್ಲಿದ್ದರೆ ಕೈ ಎತ್ತಿ, ನೋಡೋಣ. ಒಬ್ಬರೂ ಇಲ್ಲ. ಪಡಿತರ ಅಂಗಡಿಯಲ್ಲಿ ಬೆರಳೊತ್ತುವಾಗ ಕೇಳಿರುತ್ತೀರಿ. ಆದಾಯ ಪ್ರಮಾಣಪತ್ರಕ್ಕೆ ಅಲೆದಾಗ ಕೇಳಿರುತ್ತೀರಿ. ಬ್ಯಾಂಕಿನಲ್ಲಂತೂ ಕೇಳಿಯೇ ಇರುತ್ತೀರಿ, ಹೇಳಿದವನು ನಾನೇ ಇದ್ದರೂ ಇರಬಹುದು. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಕೊನೆಯ ಎಂಟ್ಹತ್ತು ವರ್ಷ ಸಾಲದ ಮೇಜಿನಲ್ಲಿ ಕೂತು, "ನಾನೇನು ಮಾಡ್ಲಿ ಸ್ವಾಮಿ, ಸ್ಕೋರ್ ಕಮ್ಮಿ ತೋರಿಸ್ತಿದೆ" ಅಂತ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿದಾಗ ಒಂಥರಾ ಹಗುರ ಅನಿಸುತ್ತಿತ್ತು. ಆಗಲ್ಲ ಅಂದವನು ನಾನಲ್ಲವಲ್ಲ, ಕಂಪ್ಯೂಟರ್.

ಸಂಘಟಕರು ನನಗೆ ಕೊಟ್ಟ ವಿಷಯ "ಕೃತಕ ಬುದ್ಧಿಮತ್ತೆ ಮತ್ತು ಮಾನವ ಹಕ್ಕುಗಳು". ಭಾರಿ ತಲೆಬರಹ. ರೋಬೋಟುಗಳು ಬಂದು ನಮ್ಮನ್ನೆಲ್ಲ ಆಳುತ್ತವೆ ಅಂತ ಹೆದರಿಸುವ ಭಾಷಣ ನಿರೀಕ್ಷಿಸಿದ್ದರೆ ನಿರಾಸೆ ಆಗುತ್ತದೆ. ನನಗೆ ಗೊತ್ತಿರುವುದು ಕೌಂಟರ್. ಕೌಂಟರಿನ ಆಚೆ ಒಬ್ಬ, ಈಚೆ ಒಬ್ಬ, ನಡುವೆ ಒಂದು ಪರದೆ. ಅಲ್ಲಿಂದಲೇ ಮಾತಾಡುತ್ತೇನೆ.

ನನ್ನ ಚಿಕ್ಕಮ್ಮ ಶಾಂತಮ್ಮನಿಗೆ ಈಗ ಎಪ್ಪತ್ತಾರು. ಎರಡು ವರ್ಷದ ಹಿಂದೆ ಅವರಿಗೆ ಬರುತ್ತಿದ್ದ ಪಿಂಚಣಿ ಇದ್ದಕ್ಕಿದ್ದಂತೆ ನಿಂತುಹೋಯಿತು. ದೊಡ್ಡ ಮೊತ್ತವೇನಲ್ಲ. ಆದರೆ ಅವರ ಬಿಪಿ ಮಾತ್ರೆ, ಎಲೆಅಡಿಕೆ, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ, ಎಲ್ಲಾ ಅದರಲ್ಲೇ ಆಗಬೇಕಿತ್ತು. ನಾಲ್ಕು ಸಲ ಬಸ್ಸು ಹತ್ತಿ ಹೋಗಿ ಬಂದರು. ನಾಲ್ಕನೇ ಸಲ ನಾನೂ ಜೊತೆಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ. ಪರದೆಯನ್ನೇ ನಮ್ಮ ಕಡೆ ತಿರುಗಿಸಿ ತೋರಿಸಿದ. ಚಿಕ್ಕಮ್ಮನ ಹೆಸರಿನ ಮುಂದೆ ಕೆಂಪು ಬಣ್ಣದಲ್ಲಿ ಒಂದೇ ಪದ, "ಅನರ್ಹ". ಯಾಕೆ ಅಂತ ಅವನಿಗೂ ಗೊತ್ತಿಲ್ಲ. "ಅಜ್ಜೀ, ಇದು ಮೇಲಿಂದಲೇ ಹೀಗೆ ಬಂದಿದೆ" ಅಂದ. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಮೇಲೆ ಅಂದ್ರೆ ಯಾರು ಮಗಾ?"

ಆ ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ. ಇವತ್ತು ನಾನು ಮಾತಾಡಲು ಬಂದಿರುವುದು ಚಿಕ್ಕಮ್ಮನ ಆ ಪ್ರಶ್ನೆಯ ಬಗ್ಗೆ. ಯಂತ್ರ ತಪ್ಪು ಮಾಡುತ್ತದೆಯೇ ಅಂದರೆ ಮಾಡುತ್ತದೆ, ಮನುಷ್ಯರೂ ಮಾಡುತ್ತಾರೆ. ತಪ್ಪಾದಾಗ "ಯಾಕೆ" ಅಂತ ಕೇಳಿದರೆ ಉತ್ತರ ಕೊಡುವವರು ಯಾರಾದರೂ ಇದ್ದಾರಾ? ನನ್ನ ತಲೆ ತಿನ್ನುವುದು ಇದು.

ಬಡ ದೇಶ, ಹಳೇ ಕಂಪ್ಯೂಟರು, ಇಲ್ಲಿ ಹೀಗೆಲ್ಲ ಆಗುವುದೇ ಅಂತ ನಿಮಗೆ ಅನಿಸಬಹುದು. ಅದಕ್ಕೇ ಮೊದಲು ನಿಮ್ಮನ್ನು ನೆದರ್ಲೆಂಡ್ಸ್‌ಗೆ ಕರೆದುಕೊಂಡು ಹೋಗುತ್ತೇನೆ.

ಅಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದರೆ ಮಗುವನ್ನು ಶಿಶುವಿಹಾರದಲ್ಲಿ ಬಿಡಬೇಕು. ಅದರ ಖರ್ಚಿನ ಒಂದು ಪಾಲನ್ನು ಸರ್ಕಾರ ಭತ್ಯೆಯಾಗಿ ಕೊಡುತ್ತದೆ. ಕೊಡುವುದು ತೆರಿಗೆ ಇಲಾಖೆ. 2013ರಲ್ಲಿ ಅಲ್ಲೊಂದು ಗಲಾಟೆ ಆಯಿತು. ಬಲ್ಗೇರಿಯಾದಿಂದ ಬಂದ ಕೆಲವರು ಇಂಥ ಭತ್ಯೆಗಳಲ್ಲಿ ಮೋಸ ಮಾಡಿದ್ದು ಟಿವಿಯಲ್ಲಿ ಬಂತು. ರಾಜಕಾರಣಿಗಳು ಮೋಸಗಾರರನ್ನು ಬಿಡಬೇಡಿ ಅಂತ ಕೂಗಿದರು. ಅದೇ ಹೊತ್ತಿಗೆ ಇಲಾಖೆ ಒಂದು ಕಂಪ್ಯೂಟರ್ ಮಾದರಿಯನ್ನು ಬಳಸಲು ಶುರು ಮಾಡಿತು. ಹಳೆಯ ಅರ್ಜಿಗಳನ್ನು ನೋಡಿ ತಾನೇ ಕಲಿಯುವ ಮಾದರಿ ಅದು. ಬಂದ ಪ್ರತಿ ಅರ್ಜಿಗೂ ಸೊನ್ನೆಯಿಂದ ಒಂದರ ನಡುವೆ ಅಂಕ ಕೊಡುತ್ತದೆ. ಅಂಕ ಜಾಸ್ತಿ ಬಂದರೆ ಅನುಮಾನ ಜಾಸ್ತಿ. ಅಂಕ ಕೊಡಲು ಅದು ನೋಡುತ್ತಿದ್ದ ಸಂಗತಿಗಳಲ್ಲಿ ಒಂದು, ಅರ್ಜಿದಾರ ಡಚ್ ಪ್ರಜೆ ಹೌದೋ ಅಲ್ಲವೋ ಎಂಬುದು.

ಈಗ ನೀವು ಕೇಳಬಹುದು, ಕೊನೆಗೆ ಅರ್ಜಿ ನೋಡುವವರು ಅಧಿಕಾರಿಗಳೇ ಅಲ್ವಾ, ಅವರಿಗೆ ಬುದ್ಧಿ ಇಲ್ವಾ ಅಂತ. ಇತ್ತು. ಆದರೆ ಅಂಕ ಯಾಕೆ ಜಾಸ್ತಿ ಬಂತು ಅಂತ ಯಂತ್ರ ಅವರಿಗೂ ಹೇಳುತ್ತಿರಲಿಲ್ಲ. "ಇವಳ ಮೇಲೆ ಕಣ್ಣಿಡಿ" ಅನ್ನುತ್ತಿತ್ತು, ಅಷ್ಟೇ. ನಾನು ಸಾಲದ ಮೇಜಿನಲ್ಲಿ ಕೂತವನು, ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತು. ಒಬ್ಬರ ಮೇಲೆ ಅನುಮಾನ ಇದೆ ಅಂತ ಮೊದಲೇ ಕಿವಿಯಲ್ಲಿ ಊದಿ ಕಡತ ಕೊಟ್ಟರೆ, ಆ ಕಡತದಲ್ಲಿ ಹುಳುಕು ಸಿಕ್ಕೇ ಸಿಗುತ್ತದೆ. ಒಂದು ಸಹಿ ಬಿಟ್ಟುಹೋಗಿರುತ್ತದೆ, ಒಂದು ರಸೀದಿ ಸಿಗುವುದಿಲ್ಲ. ಅಲ್ಲಿನ ಕಾನೂನನ್ನು ಆಗ ಎಷ್ಟು ಗಟ್ಟಿಯಾಗಿ ಓದುತ್ತಿದ್ದರೆಂದರೆ, ಅಂಥ ಸಣ್ಣ ತಪ್ಪಿಗೂ ಇಡೀ ವರ್ಷದ ಭತ್ಯೆ ವಾಪಸ್ ಕಟ್ಟಬೇಕು. ಹತ್ತಾರು ಸಾವಿರ ಯೂರೋ. ಮೇಲಿಂದ "ಬೇಕಂತಲೇ ಮಾಡಿದ್ದು" ಅಂತ ಹಣೆಪಟ್ಟಿ ಬಿದ್ದರೆ ಕಂತಿನಲ್ಲಿ ಕಟ್ಟಲೂ ಬಿಡುತ್ತಿರಲಿಲ್ಲ.

ಎಷ್ಟು ಜನ? ಮೊದಲ ಅಂದಾಜಿನಲ್ಲೇ 26,000 ಪೋಷಕರು, ಆಮೇಲೆ ಇನ್ನೂ ಏರಿತು. ಅವರಲ್ಲಿ ಬಹಳಷ್ಟು ಜನ ಟರ್ಕಿ, ಮೊರಾಕೊ, ಸುರಿನಾಮ್ ಕಡೆಯ ಬೇರು ಇದ್ದವರು. ಮನೆ ಹೋಯಿತು, ಕೆಲಸ ಹೋಯಿತು, ಸಂಸಾರಗಳು ಮುರಿದವು. ಈ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಮನೆ ಬಿಟ್ಟು ಸರ್ಕಾರದ ಪೋಷಣೆಗೆ ಹೋಗಬೇಕಾಯಿತು.

ನನ್ನನ್ನು ಇವತ್ತಿಗೂ ಕಾಡುವ ಒಂದು ಚಿತ್ರ ಇದೆ. ನಮ್ಮ ಮೇಲೆ ಏನು ಆರೋಪ ಅಂತ ತೋರಿಸಿ ಎಂದು ಪೋಷಕರು ತಮ್ಮ ಕಡತ ಕೇಳಿದರು. ಇಲಾಖೆ ಕೊಟ್ಟಿತು. ಪುಟ ತಿರುಗಿಸಿದರೆ ಪೂರ್ತಿ ಕಪ್ಪು. ಸಾಲುಗಳ ಮೇಲೆ ಮಸಿ ಬಳಿದ ಪುಟ, ಅದರ ಮುಂದೆ ಇನ್ನೊಂದು ಕಪ್ಪು ಪುಟ. ನಮ್ಮ ಹುಡುಗ ಪರದೆ ತಿರುಗಿಸಿ ಒಂದು ಪದವನ್ನಾದರೂ ತೋರಿಸಿದ್ದ.

ಒಬ್ಬ ವಕೀಲೆ, ಇಬ್ಬರು ಮೂವರು ಸಂಸದರು, ಕೆಲವು ಪತ್ರಕರ್ತರು ವರ್ಷಗಟ್ಟಲೆ ಪಟ್ಟು ಬಿಡದೆ ಹಿಂದೆ ಬಿದ್ದರು. ಡಿಸೆಂಬರ್ 2020ರಲ್ಲಿ ಸಂಸತ್ತಿನ ಸಮಿತಿ ವರದಿ ಕೊಟ್ಟಿತು. ಇಂಥ ಅನ್ಯಾಯ ಹಿಂದೆಂದೂ ಆಗಿರಲಿಲ್ಲ ಎಂಬ ಅರ್ಥದ ತಲೆಬರಹ ಅದಕ್ಕೆ. 15 ಜನವರಿ 2021ರಂದು ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಪ್ರಧಾನಿ ಮಾರ್ಕ್ ರುಟ್ಟೆ ರಾಜೀನಾಮೆ ಕೊಡಲು ಅರಮನೆಗೆ ಸೈಕಲ್ಲಿನಲ್ಲಿ ಹೋದರು. ಆ ಫೋಟೋ ನಮ್ಮಲ್ಲೂ ವಾಟ್ಸಾಪಿನಲ್ಲಿ ಓಡಾಡಿತು, "ನೋಡಿ ಎಂಥ ಸರಳ ನಾಯಕ" ಅಂತ! ಯಾವ ಕಾರಣಕ್ಕೆ ಹೋಗುತ್ತಿದ್ದಾರೆ ಅಂತ ಯಾರೂ ಬರೆದಿರಲಿಲ್ಲ. ಎರಡು ತಿಂಗಳಾದ ಮೇಲೆ ಚುನಾವಣೆ ನಡೆಯಿತು, ಅವರ ಪಕ್ಷವೇ ಮತ್ತೆ ಮೊದಲು ಬಂತು. ಇರಲಿ, ಅದು ಬೇರೆ ಕಥೆ.

ಅದೇ ದೇಶದ ಇನ್ನೊಂದು ಪ್ರಸಂಗ ಬೇಗ ಹೇಳಿ ಮುಗಿಸುತ್ತೇನೆ. ಸಿರಿ ಅಂತ ಒಂದು ವ್ಯವಸ್ಥೆ ಇತ್ತು. ನಿಮ್ಮ ಫೋನಿನ ಸಿರಿ ಅಲ್ಲ. ತೆರಿಗೆ, ಮನೆ, ಸಾಲ, ಉದ್ಯೋಗ, ಹೀಗೆ ಬೇರೆ ಬೇರೆ ಇಲಾಖೆಗಳ ಮಾಹಿತಿ ಜೋಡಿಸಿ ಯಾರು ಮೋಸ ಮಾಡಬಹುದು ಅಂತ ಊಹಿಸುವುದು ಅದರ ಕೆಲಸ. ಅದನ್ನು ಬಿಟ್ಟಿದ್ದು ಬಡವರು, ವಲಸಿಗರು ಇರುವ ಬಡಾವಣೆಗಳ ಮೇಲೆ. 5 ಫೆಬ್ರವರಿ 2020ರಂದು ಹೇಗ್ ನಗರದ ನ್ಯಾಯಾಲಯ ಅದನ್ನು ನಿಲ್ಲಿಸಿತು. ಅದು ಹೇಗೆ ಲೆಕ್ಕ ಹಾಕುತ್ತದೆ ಅಂತ ಯಾರಿಗೂ ಪರೀಕ್ಷಿಸಿ ನೋಡಲು ಆಗುತ್ತಿಲ್ಲ, ಖಾಸಗಿ ಬದುಕಿನ ಹಕ್ಕಿಗೆ ಇದರಿಂದ ಧಕ್ಕೆ ಬರುತ್ತದೆ ಎಂದಿತು. ಒಳಗೇನಿದೆ ಅಂತ ತೋರಿಸದ ಡಬ್ಬವನ್ನು ಜನರ ಮೇಲೆ ಬಳಸುವಂತಿಲ್ಲ ಅಂತ ಒಂದು ಕೋರ್ಟು ಹೇಳಿದ್ದು ಸಣ್ಣ ಮಾತಲ್ಲ.

ಇದೆಲ್ಲ ಎಐ ಬಂದಿದ್ದರಿಂದಲೇ ಆಯಿತು ಅಂತ ತಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ ನಡೆದ ರೋಬೋಡೆಟ್ ಹಗರಣದಲ್ಲಿ ಇದ್ದದ್ದು ಬರೀ ಸರಾಸರಿ ಲೆಕ್ಕ. ಹೈಸ್ಕೂಲಿನ ಗಣಿತ. ನಮ್ಮ ಮಲೆನಾಡಿನ ಉದಾಹರಣೆ ಕೊಡುತ್ತೇನೆ. ಅಡಿಕೆ ಕೊಯ್ಲಿನ ಕೆಲಸದವನು ನಾಲ್ಕು ತಿಂಗಳಲ್ಲಿ 96,000 ರೂಪಾಯಿ ದುಡಿದ ಅಂತಿಟ್ಟುಕೊಳ್ಳಿ. ಉಳಿದ ಎಂಟು ತಿಂಗಳು ಕೆಲಸವಿಲ್ಲ. ಆಗ ಸರ್ಕಾರದಿಂದ ಸಹಾಯಧನ ಪಡೆದ. ಈಗ ಕಂಪ್ಯೂಟರ್ ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸುತ್ತದೆ. "ನಿನಗೆ ಪ್ರತಿ ತಿಂಗಳೂ 8,000 ಬರುತ್ತಿತ್ತಲ್ಲ, ಸಹಾಯಧನ ಯಾಕೆ ತಗೊಂಡೆ? ವಾಪಸ್ ಕಟ್ಟು" ಅನ್ನುತ್ತದೆ. ಅಲ್ಲಿ ತಿಂಗಳ ಬದಲು ಹದಿನೈದು ದಿನದ ಲೆಕ್ಕ, ವರ್ಷಕ್ಕೆ 26 ಕಂತು. ಉಳಿದದ್ದೆಲ್ಲ ಹೀಗೇ. ಸಾಲವಿಲ್ಲ ಅಂತ ಸಾಬೀತು ಮಾಡುವ ಹೊರೆ ಬಡವನ ತಲೆ ಮೇಲೆ. ಐದಾರು ವರ್ಷದ ಹಿಂದಿನ ಸಂಬಳದ ಚೀಟಿ ಯಾರ ಹತ್ತಿರ ಇರುತ್ತದೆ ಹೇಳಿ? ಸುಮಾರು 4.7 ಲಕ್ಷ ತಪ್ಪು ಸಾಲದ ನೋಟಿಸುಗಳು ಹೋದವು. ಜೀವ ಕಳೆದುಕೊಂಡವರೂ ಇದ್ದಾರೆ. ಜುಲೈ 2023ರಲ್ಲಿ ಅಲ್ಲಿನ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ತನಿಖಾ ಆಯೋಗ, ಇದನ್ನು ಒರಟು ಮತ್ತು ಕ್ರೂರ ವ್ಯವಸ್ಥೆ, ನ್ಯಾಯವೂ ಇಲ್ಲ, ಕಾನೂನೂ ಇಲ್ಲ ಎಂದಿತು.

ನಮ್ಮ ದೇಶಕ್ಕೆ ಬರೋಣ. ಪಕ್ಕದ ತೆಲಂಗಾಣದಲ್ಲಿ ಸಮಗ್ರ ವೇದಿಕೆ ಅಂತ ಒಂದು ತಂತ್ರಾಂಶ ಇದೆ. ವಾಹನ ನೋಂದಣಿ, ಆಸ್ತಿ, ವಿದ್ಯುತ್ ಬಿಲ್ಲು, ಹೀಗೆ ಹಲವು ಕಡೆಯ ಮಾಹಿತಿಯನ್ನು ಹೆಸರು, ವಿಳಾಸ ಹೊಂದಿಸಿ ಒಂದೆಡೆ ಸೇರಿಸುತ್ತದೆ. ಕಾರು ಇದ್ದವನಿಗೆ ಬಡವರ ಪಡಿತರ ಚೀಟಿ ಇಲ್ಲ ಅನ್ನುವುದು ನಿಯಮ. ಸರಿ, ತಪ್ಪೇನಿಲ್ಲ. ಆದರೆ ಹೈದರಾಬಾದಿನ ಒಬ್ಬ ಸೈಕಲ್ ರಿಕ್ಷಾ ತುಳಿಯುವವನ ಕುಟುಂಬಕ್ಕೆ ಕಾರಿದೆ ಅಂತ ಬಂತು. ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಬ್ಬ ಕಾರಿನ ಮಾಲೀಕ ಇದ್ದ, ಅಷ್ಟೇ. ಆ ಮನೆಗೆ ವರ್ಷಗಟ್ಟಲೆ ರೇಷನ್ ಸಿಗಲಿಲ್ಲ. ರಾಜ್ಯದಲ್ಲಿ ರದ್ದಾದ ಸುಮಾರು 19 ಲಕ್ಷ ಪಡಿತರ ಚೀಟಿಗಳ ವಿಚಾರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರಲ್ಲಿ ಕೋರ್ಟು, ಕಂಪ್ಯೂಟರ್ ಹೇಳಿದ್ದು ಸಾಲದು, ಮನೆಗೆ ಹೋಗಿ ನೋಡಿ ಬನ್ನಿ ಅಂತ ಆದೇಶ ಕೊಟ್ಟಿತು.

ಹೆಸರು ಹೊಂದಿಸುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಹಣಿಯಲ್ಲಿ "ಮಂಜಪ್ಪ ಬಿನ್ ತಿಮ್ಮಪ್ಪ", ಆಧಾರಿನಲ್ಲಿ "ಮಂಜುನಾಥ ಟಿ", ಬ್ಯಾಂಕ್ ಪುಸ್ತಕದಲ್ಲಿ "ಟಿ ಮಂಜುನಾಥ್", ಶಾಲೆಯ ಟಿಸಿಯಲ್ಲಿ ಬೇರೆ ಇನಿಷಿಯಲ್. ನಾಲ್ಕೂ ಒಬ್ಬನೇ. ಊರಿನ ಪೋಸ್ಟ್‌ಮ್ಯಾನ್‌ಗೆ ಗೊತ್ತು. ಯಂತ್ರದ ಲೆಕ್ಕದಲ್ಲಿ ನಾಲ್ಕು ಜನ. ಒಂದೇ ಹೋಬಳಿಯಲ್ಲಿ ಹದಿನೈದು ಮಂಜುನಾಥರಿದ್ದರೆ ಅವರೆಲ್ಲ ಸೇರಿ ಒಬ್ಬನಾಗಲೂಬಹುದು.

ಹರಿಯಾಣದ ಅಜ್ಜನ ಕಥೆ ಕೆಲವರು ಓದಿರಬಹುದು. 2022ರಲ್ಲಿ ಅವರಿಗೆ 102 ವರ್ಷ. ದಾಖಲೆಯಲ್ಲಿ ತೀರಿಕೊಂಡಿದ್ದಾರೆ ಅಂತ ನಮೂದಾಗಿ ಪಿಂಚಣಿ ನಿಂತಿತು. ಅವರು ಏನು ಮಾಡಿದರು ಗೊತ್ತಾ? ಕೊರಳಿಗೆ ನೋಟಿನ ಹಾರ ಹಾಕಿಕೊಂಡು, ಮದುವೆ ಗಂಡಿನ ಹಾಗೆ ಬಂಡಿ ಏರಿ, ಬ್ಯಾಂಡ್ ಬಾರಿಸಿಕೊಂಡು ರೋಹ್ಟಕ್ ಪೇಟೆಯಲ್ಲಿ ಮೆರವಣಿಗೆ ಹೊರಟರು. ನಾನಿನ್ನೂ ಬದುಕಿದ್ದೇನೆ ಅಂತ ಬೋರ್ಡು. ಓದಿದಾಗ ನಗು ಬಂತು. ಆಮೇಲೆ ಯೋಚನೆ ಬಂತು. ಬ್ಯಾಂಡ್ ಕರೆಸಲು ದುಡ್ಡಿಲ್ಲದ, ಎದ್ದು ಓಡಾಡಲಾಗದ ಅಜ್ಜ ಅಜ್ಜಿಯರು ಬದುಕಿದ್ದೇವೆ ಅಂತ ಹೇಗೆ ತೋರಿಸಬೇಕು?

ಕನ್ನಡದ್ದೇ ಒಂದು ನೆನಪು. ಜೂನ್ 2021ರಲ್ಲಿ ಗೂಗಲ್‌ನಲ್ಲಿ ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಹುಡುಕಿದರೆ ಕನ್ನಡ ಅಂತ ಬರುತ್ತಿತ್ತು. ಎಲ್ಲೋ ಯಾರೋ ಬರೆದಿದ್ದನ್ನು ಯಂತ್ರ ಎತ್ತಿ ಉತ್ತರದ ಪೆಟ್ಟಿಗೆಯಲ್ಲಿ ಇಟ್ಟಿತ್ತು. ಲಕ್ಷಾಂತರ ಜನ ಸಿಟ್ಟಾದೆವು, ಸಚಿವರು ನೋಟಿಸ್ ಕೊಡುತ್ತೇವೆ ಅಂದರು, ಕಂಪನಿ ಕ್ಷಮೆ ಕೇಳಿ ತೆಗೆದುಹಾಕಿತು. ನನಗೂ ಖುಷಿಯಾಯಿತು. ಆದರೆ ಅಲ್ಲಿ ಕೂಗಿದವರು ಲಕ್ಷಾಂತರ ಜನ. ನನ್ನ ಚಿಕ್ಕಮ್ಮ ಒಬ್ಬರೇ.

ಮುಖ ಗುರುತಿಸುವ ಕ್ಯಾಮೆರಾ ಬಗ್ಗೆ ಎರಡು ಮಾತು ಹೇಳಬೇಕು. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ದೊಡ್ಡ ಕಂಪನಿಗಳ ತಂತ್ರಾಂಶ ಪರೀಕ್ಷಿಸಿದರು. ಫೋಟೋ ನೋಡಿ ಗಂಡೋ ಹೆಣ್ಣೋ ಹೇಳಬೇಕು, ಅಷ್ಟೇ ಕೆಲಸ. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ 34.7ರವರೆಗೆ. ಕಲಿಸಲು ಕೊಟ್ಟ ಫೋಟೋಗಳಲ್ಲಿ ಯಾರು ಜಾಸ್ತಿ ಇದ್ದರು ಅಂತ ನೀವೇ ಊಹಿಸಿ. ಎರಡು ವರ್ಷದ ನಂತರ ಅಮೆರಿಕದ ಡೆಟ್ರಾಯಿಟ್ ಹತ್ತಿರ ಒಬ್ಬ ಕಪ್ಪು ವ್ಯಕ್ತಿಯನ್ನು ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಎದುರೇ ಕೈಕೋಳ ಹಾಕಿ ಕರೆದೊಯ್ದರು. ಅಂಗಡಿಯಲ್ಲಿ ಗಡಿಯಾರ ಕದ್ದವನ ಮಸುಕು ಚಿತ್ರಕ್ಕೆ ಇವರ ಲೈಸೆನ್ಸ್ ಫೋಟೋ ಹೊಂದುತ್ತದೆ ಅಂತ ಯಂತ್ರ ಹೇಳಿತ್ತು. ವಿಚಾರಣೆಯಲ್ಲಿ ಅವರು ಆ ಚಿತ್ರವನ್ನು ತಮ್ಮ ಮುಖದ ಪಕ್ಕ ಹಿಡಿದು, ನೋಡಿ, ಇದು ನಾನಲ್ಲ ಅಂದರು. ಕಣ್ಣಿದ್ದವರಿಗೆ ಕಾಣುತ್ತಿತ್ತು. ಸುಮಾರು 30 ಗಂಟೆ ಕೂಡಿಹಾಕಿದ ಮೇಲೆ ಬಿಟ್ಟರು. ನಮ್ಮ ದೆಹಲಿ ಪೊಲೀಸರು ಮಾಹಿತಿ ಹಕ್ಕಿನಲ್ಲಿ ಕೊಟ್ಟ ಉತ್ತರದ ಪ್ರಕಾರ, ಮುಖ ನೂರಕ್ಕೆ 80 ಹೋಲಿದರೆ ಅವರಿಗೆ ಅದು ಹೊಂದಿಕೆಯೇ. ನನಗೂ ನನ್ನ ಅಣ್ಣನಿಗೂ ಅಷ್ಟು ಹೋಲಿಕೆ ಇದೆ. ಅವನು ಮಾಡಿದ್ದಕ್ಕೆ ನನ್ನನ್ನು ಹಿಡಿದರೆ ಕಷ್ಟ!

ಹಾಗಾದರೆ ಯಂತ್ರ ಬರುವ ಮುಂಚೆ ಎಲ್ಲಾ ಚೆನ್ನಾಗಿತ್ತಾ? ಸುಳ್ಳು ಹೇಳಬಾರದು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯಲ್ಲಿ ಒಬ್ಬ ಮ್ಯಾನೇಜರ್ ಇದ್ದರು. ಅರ್ಜಿಯಲ್ಲಿ ಕೇರಿಯ ಹೆಸರು ನೋಡಿಯೇ ಪಕ್ಕಕ್ಕಿಡುತ್ತಿದ್ದರು. ಹೆಣ್ಣುಮಕ್ಕಳು ಒಬ್ಬರೇ ಬಂದರೆ "ಯಜಮಾನರನ್ನ ಕರ್ಕೊಂಡು ಬನ್ನಿ" ಅನ್ನುತ್ತಿದ್ದರು. ಹೊಸ ವ್ಯವಸ್ಥೆ ಬಂದಾಗ ಇನ್ನು ಮೇಲೆ ಮುಖ ನೋಡಿ ಮಣೆ ಹಾಕುವುದು ನಿಲ್ಲುತ್ತದೆ ಅಂತ ನಿಜಕ್ಕೂ ಸಂತೋಷಪಟ್ಟವನು ನಾನು. ಸ್ವಲ್ಪ ಮಟ್ಟಿಗೆ ನಿಂತಿತು ಕೂಡ. ಆದರೆ ಆ ಮ್ಯಾನೇಜರ್ ಹಾಳು ಮಾಡಿದ್ದು ಒಂದು ಶಾಖೆಯನ್ನು. ಅವರ ಹೆಸರು ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಒಬ್ಬ ಹೆಂಗಸು ಮೇಜು ಕುಟ್ಟಿ ಯಾಕ್ರೀ ಕೊಡಲ್ಲ ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ. ಅವರು ತಡವರಿಸಿದರು. ಅದೇ ಮ್ಯಾನೇಜರ್ ಬರೆದ ಇಪ್ಪತ್ತು ವರ್ಷದ ದಾಖಲೆಗಳನ್ನು ಓದಿ ಒಂದು ಯಂತ್ರ ಕಲಿತರೆ, ಅವರ ಬುದ್ಧಿಯೇ ಅದಕ್ಕೂ ಬರುತ್ತದೆ. ತಡವರಿಸುವುದು ಮಾತ್ರ ಬರುವುದಿಲ್ಲ.

ಈಗ ಹಕ್ಕಿನ ವಿಷಯ. ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರು ಈ ಸಭೆಯಲ್ಲಿ ಹೇಳಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಾವು ಮೊಮ್ಮಕ್ಕಳ ಜೊತೆ ಟಿವಿ ರಿಮೋಟಿಗೆ ಜಗಳ ಆಡುತ್ತಿರುತ್ತೇವೆ. 24 ಆಗಸ್ಟ್ 2017ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಸರ್ಕಾರ ನಮ್ಮ ಖಾಸಗಿ ಬದುಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ಸರಿಯಾದ ಉದ್ದೇಶ ಇರಬೇಕು, ಅಳತೆ ಮೀರಬಾರದು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಮುಖದ ಕ್ಯಾಮೆರಾ ಇರಲಿ, ಸಮಗ್ರ ವೇದಿಕೆ ಇರಲಿ, ಎಲ್ಲದಕ್ಕೂ ಹಿಡಿಯಬೇಕಾದ ಅಳತೆಗೋಲು ಅವರ ಹೆಸರಿನ ಆ ತೀರ್ಪಿನಲ್ಲಿದೆ.

ಕಾನೂನಿನಲ್ಲಿ ಹೊಸ ಬೆಳಕೂ ಕಾಣುತ್ತಿದೆ. ಸ್ವಿಗ್ಗಿ, ಜೊಮ್ಯಾಟೊ ಹುಡುಗರನ್ನು ಕೇಳಿ ನೋಡಿ, ಅವರಿಗೆ ಇರುವ ದೊಡ್ಡ ಹೆದರಿಕೆ "ಐಡಿ ಬ್ಲಾಕ್". ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ಕೆಲಸವೇ ಇಲ್ಲ. ಬೈಯಲು ಮೇಸ್ತ್ರಿಯೂ ಇಲ್ಲ, ಕಾಡಿ ಬೇಡಲು ಮಾಲೀಕನೂ ಇಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು, ಯಂತ್ರ ಅವರ ಮೇಲೆ ಹೇಗೆ ಕಣ್ಣಿಡುತ್ತದೆ, ಹೇಗೆ ತೀರ್ಮಾನ ಮಾಡುತ್ತದೆ ಅಂತ ತಿಳಿಸಬೇಕು ಅಂತ ಅದರಲ್ಲಿದೆ. ಜಾರಿ ಹೇಗಾಗುತ್ತದೋ ನೋಡಬೇಕು. ಆದರೂ "ಯಾಕೆ" ಅನ್ನುವುದು ಕಾನೂನಿನ ಪುಸ್ತಕಕ್ಕೆ ಬಂತಲ್ಲ.

ನಿಜ ಹೇಳಬೇಕೆಂದರೆ ಅದು ಇಪ್ಪತ್ತು ವರ್ಷದ ಹಿಂದೆಯೇ ಬಂದಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ನಾವೆಲ್ಲ ದಾಖಲೆ ಕೇಳುವ ಕಾಯ್ದೆ ಅಂತಲೇ ಅಂದುಕೊಂಡಿದ್ದೇವೆ. ಅದರ 4(1)(ಡಿ) ಓದಿ. ಸರ್ಕಾರಿ ಕಚೇರಿ ತನ್ನ ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನು ಅದರಿಂದ ತೊಂದರೆಗೆ ಒಳಗಾದವರಿಗೆ ತಿಳಿಸಬೇಕು ಅಂತ ಒಂದೇ ಸಾಲಿನಲ್ಲಿ ಹೇಳುತ್ತದೆ. ತೀರ್ಮಾನ ಮಾಡಿದ್ದು ಗುಮಾಸ್ತನೋ ಯಂತ್ರವೋ ಅಂತ ಅಲ್ಲಿ ಭೇದವಿಲ್ಲ.

ನಾವು ಮಾಡಿದ್ದೂ ಅದನ್ನೇ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಬಗ್ಗೆ ಇರಬೇಕು. ನಮ್ಮದು ಮೂವತ್ತು ಪದವೂ ಇರಲಿಲ್ಲ. "ನನ್ನ ಪಿಂಚಣಿ ನಿಲ್ಲಿಸಿದ ತೀರ್ಮಾನಕ್ಕೆ ಕಾರಣವೇನು, ಆ ತೀರ್ಮಾನ ತೆಗೆದುಕೊಂಡವರು ಯಾರು, ಯಾವ ದಿನ" ಅಂತ ಬರೆದು ಚಿಕ್ಕಮ್ಮನ ಸಹಿ ಹಾಕಿಸಿದೆ. ಕೆಳಗೆ 4(1)(ಡಿ) ಅಂತ ಸ್ವಲ್ಪ ದಪ್ಪಗೆ ಬರೆದೆ.

ಇಪ್ಪತ್ತೆಂಟನೇ ದಿನ ಉತ್ತರ ಬಂತು. ಕಾರಣ: "ಹೆಸರು ಹೊಂದಾಣಿಕೆಯಾಗಿಲ್ಲ." ಇಂಗ್ಲಿಷಿನಲ್ಲಿ ಶಾಂತಮ್ಮ ಅಂತ ಬರೆಯುವಾಗ ಒಂದು ಕಡೆ ಬರೀ ಟಿ ಇತ್ತು, ಇನ್ನೊಂದು ಕಡೆ ಟಿ ಆದ ಮೇಲೆ ಎಚ್ ಇತ್ತು. ತೀರ್ಮಾನ ತೆಗೆದುಕೊಂಡವರು ಯಾರು ಅನ್ನುವ ಪ್ರಶ್ನೆಯ ಮುಂದೆ ಒಂದು ಗೆರೆ ಎಳೆದಿದ್ದರು. ಎರಡು ತಿಂಗಳಲ್ಲಿ ಪಿಂಚಣಿ ಮತ್ತೆ ಶುರುವಾಯಿತು. ನಡುವೆ ನಿಂತ ಎಂಟು ತಿಂಗಳ ದುಡ್ಡು ಇನ್ನೂ ಬಂದಿಲ್ಲ. ಅದಕ್ಕೆ ಎರಡನೇ ಅರ್ಜಿ ಸಿದ್ಧವಾಗುತ್ತಿದೆ. ಹೋದ ವಾರ ಅದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಕೇಳಿಸಿಕೊಂಡರು, ಎಲೆಗೆ ಸುಣ್ಣ ಹಚ್ಚುತ್ತಾ, "ಆ ಗೆರೆ ಎಳೆದಿದ್ದಾರಲ್ಲ, ಅದನ್ನೂ ಕೇಳಿದೀಯಾ?" ಅಂದರು. ಕೇಳಿರಲಿಲ್ಲ. ಈಗ ಸೇರಿಸಿದ್ದೇನೆ.